‘ಅವಳಿನ್ನೂ ಕಲೀಬೇಕು’ ಎಂದವಳು ನಾನೇ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಮದುವೆಯಾದ ಹೊಸದರಲ್ಲೇ ನನ್ನ ಗಂಡ ಹೇಳಿದ್ದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಬಗ್ಗೆ ಹೇಳಿದ ಮಾತುಗಳಲ್ಲಿ ಜಗಳವಾಡದೆ ಒಪ್ಪಿಕೊಂಡದ್ದು ಅದೊಂದನ್ನೇ. ಅವರು ಬೆಂಗಳೂರಿನವರು, ನಾನು ಉಡುಪಿಯವಳು. ಮನೆಯಲ್ಲಿ ನಡೆಯುವುದು ಬೆಂಗಳೂರು ಕನ್ನಡ; ಸಿಟ್ಟು ಬಂದಾಗ ಮಾತ್ರ ನನ್ನ ಊರು ಬಾಯಿಗೆ ಬರುತ್ತದೆ. ದಿನಕ್ಕೆ ಎರಡು ಸಲವಾದರೂ ಸಿಟ್ಟು ಬರುವುದರಿಂದ ಊರಿನ ಮಾತು ಮರೆತುಹೋಗುವ ಭಯ ನನಗಿಲ್ಲ.

ಆದರೆ ಈಗ ಹೇಳಹೊರಟಿರುವುದು ಸಿಟ್ಟಿನಲ್ಲಿ ಆಡಿದ ಮಾತಿನ ಬಗ್ಗೆ ಅಲ್ಲ. ನಯವಾಗಿ, ನಗುನಗುತ್ತಾ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ಆಡಿದ ಮಾತು ಅದು. ನನ್ನ ಮಗಳಿಗೆ ತನ್ನ ಶಾಲೆಯ ಟೀಮಿನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಬೇಕೆಂಬ ಒಂದೇ ಒಂದು ಆಸೆಯಿತ್ತು. ಅದನ್ನು ಹಾಳು ಮಾಡಿದವಳು ನಾನು.

2020ರಲ್ಲಿ ನಾವು ಸ್ಯಾನ್ ಡಿಯೆಗೊದಲ್ಲಿದ್ದೆವು. ಗಂಡ ಟೆಲಿಕಾಂ ಎಂಜಿನಿಯರ್. ಶಾಲೆ ಮುಚ್ಚಿತು, ಆಫೀಸು ಮುಚ್ಚಿತು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಮೂವರೂ ಮೂರು ಕಂಪ್ಯೂಟರುಗಳ ಮುಂದೆ ಕೂತು, ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದ ಸ್ಥಿತಿಗೆ ಬಂದಿದ್ದೆವು. ಮಗಳಿಗೆ ಆಗ ಹನ್ನೊಂದು. ಸಂಜೆ ಐದಾದರೆ ಸಾಕು, ಅಪ್ಪ ಮಗಳಿಬ್ಬರನ್ನೂ ಹೊರಗಟ್ಟಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರು ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಚೆಂಡು ಎಸೆದಾಡುತ್ತಿದ್ದರು. ಮೊದಲು ಟೆನ್ನಿಸ್ ಚೆಂಡು. ಆಮೇಲೆ ಪಕ್ಕದ ಮನೆಯವರು ಖಾಲಿ ಮಾಡುವಾಗ ಬಿಟ್ಟುಹೋದ ಅಮೆರಿಕನ್ ಫುಟ್‌ಬಾಲ್ ಒಂದು ಸಿಕ್ಕಿತು, ಎರಡೂ ತುದಿ ಚೂಪಾದದ್ದು. ಗಂಡನಿಗೆ ಅದನ್ನು ಹಿಡಿಯಲಿಕ್ಕೇ ಬರಲಿಲ್ಲ. ಕ್ರಿಕೆಟ್ ಚೆಂಡಿನ ಹಾಗೆ ಎಸೆದರೆ ಅದು ಅಡ್ಡಾದಿಡ್ಡಿ ಪುಟಿದು ಯಾರದೋ ಕಾರಿನಡಿ ಸೇರುತ್ತಿತ್ತು. ಮಗಳು ಎರಡು ವಿಡಿಯೊ ನೋಡಿಕೊಂಡು ಹೋಗಿ, ಬೆರಳುಗಳನ್ನು ಹೊಲಿಗೆಯ ಮೇಲಿಟ್ಟು ಎಸೆದಳು. ಚೆಂಡು ಗಿರಗಿರನೆ ತಿರುಗುತ್ತಾ ನೇರವಾಗಿ ಹೋಗಿ ಅಪ್ಪನ ಎದೆಗೆ ಬಡಿಯಿತು.

“ಲೇ, ಹೇಗೆ ಎಸೀತಾಳೆ ನೋಡೇ ಇವ್ಳು!” ಎಂದು ಗಂಡ ಕೆಳಗಿನಿಂದ ಕೂಗಿದರು.

“ಎಸೆದದ್ದು ಸಾಕು, ಯಾರ ಕಾರಿನ ಗ್ಲಾಸಾದ್ರೂ ಒಡೆದ್ರೆ ನೀವೇ ಹೋಗಿ ಮಾತಾಡಿ ಮಾರಾಯ್ರೆ” ಎಂದು ನಾನು ಮೇಲಿನಿಂದ ಕೂಗಿದೆ. ಆದರೆ ಅಡುಗೆಮನೆಗೆ ವಾಪಸು ಹೋಗಲಿಲ್ಲ, ಬಾಲ್ಕನಿಯಲ್ಲೇ ನಿಂತು ಇನ್ನೂ ಹತ್ತು ಸಲ ಅವಳು ಎಸೆಯುವುದನ್ನು ನೋಡಿದೆ.

ಎರಡು ವರ್ಷದ ನಂತರ ನನಗೆ ಬರ್ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಟಿವಿ ಕಾರ್ಯಕ್ರಮಗಳ ಕೆಳಗೆ ಬರುವ ಸಬ್‌ಟೈಟಲುಗಳು ಸರಿಯಾಗಿವೆಯೇ, ತುಟಿ ಅಲುಗಿದ ಹೊತ್ತಿಗೇ ಮಾತು ಬರುತ್ತಿದೆಯೇ ಎಂದು ನೋಡುವ ಕೆಲಸ. ಅಲ್ಲಿಗೆ ಹತ್ತಿರದ ಸ್ಯಾಂಟಾ ಕ್ಲಾರಿಟಾದಲ್ಲಿ ಮನೆ ಮಾಡಿದೆವು. ಗಂಡನ ಆಫೀಸು ಸ್ಯಾನ್ ಡಿಯೆಗೊದಲ್ಲೇ ಉಳಿಯಿತು. ಅಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ರೂಮು ಮಾಡಿಕೊಂಡು ಶುಕ್ರವಾರ ಸಂಜೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಸೋಮವಾರ ಬೆಳಗಾಗುವ ಮುಂಚೆ ಹೊರಡುತ್ತಿದ್ದರು. ವಾರವಿಡೀ ಮನೆಯಲ್ಲಿ ನಾನು, ಮಗಳು ಇಬ್ಬರೇ. ಶಾಲೆಯಿಂದ ಕರೆ ಬಂದರೆ ಹೋಗಬೇಕಾದವಳೂ ನಾನೊಬ್ಬಳೇ.

ಅವಳು ಒಂಬತ್ತನೇ ತರಗತಿಗೆ ಸೇರಿದ ವರ್ಷವೇ ಅವಳ ಶಾಲೆಯಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಟೀಮು ಶುರುವಾಯಿತು. ಅದರಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕೆಡಹುವುದಿಲ್ಲ. ಚೆಂಡು ಹಿಡಿದವಳ ಸೊಂಟದ ಬೆಲ್ಟಿನಿಂದ ಇಳಿಬಿಟ್ಟ ಪಟ್ಟಿಯನ್ನು ಎದುರಾಳಿ ಕಿತ್ತರೆ ಅಲ್ಲಿಗೆ ಆಟ ನಿಲ್ಲುತ್ತದೆ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂದು ಮೂರು ಸೆಕೆಂಡಿನೊಳಗೆ ತೀರ್ಮಾನಿಸುವವಳು ಅವಳು. ಗೆದ್ದರೆ ಅವಳನ್ನು ಎತ್ತಿಕೊಂಡು ಕುಣಿಯುತ್ತಾರೆ, ಸೋತರೆ ಎಲ್ಲರೂ ಮೊದಲು ಅವಳ ಮುಖ ನೋಡುತ್ತಾರೆ. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಆ ಮೊದಲ ವರ್ಷ ಟೀಮಿನಲ್ಲಿ ಇದ್ದವರೆಲ್ಲ ಹನ್ನೆರಡನೇ ತರಗತಿಯ ಸೀನಿಯರುಗಳು. ನನ್ನ ಮಗಳು ಬೆಂಚಿನಲ್ಲಿ ಕೂತು ನೀರಿನ ಬಾಟಲಿ ಹಂಚಿದಳು. ಸೀನಿಯರುಗಳು ಪಾಸಾಗಿ ಹೋದ ಮೇಲೆ ಟೀಮಿನಲ್ಲಿ ಏನೂ ಉಳಿಯಲಿಲ್ಲ. ಈ ವರ್ಷ ರೀಬಿಲ್ಡಿಂಗ್ ವರ್ಷ, ಟೀಮನ್ನು ಹೊಸದಾಗಿ ಕಟ್ಟುವ ವರ್ಷ ಎಂದು ಪೋಷಕರೆಲ್ಲ ಹೇಳತೊಡಗಿದರು. ಸೋಲಲಿಕ್ಕೆ ಇಷ್ಟು ಮರ್ಯಾದೆಯ ಹೆಸರಿದೆಯಲ್ಲ ಎಂದು ನನಗೆ ನಗು ಬಂದಿತ್ತು.

ಮಗಳಿಗೆ ಮಾತ್ರ ಅದು ಹಬ್ಬ. ಬೇಸಿಗೆಯ ಪ್ರಾಕ್ಟೀಸಿನಲ್ಲಿ ಕೋಚ್ ಅವಳನ್ನೇ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿದ್ದರು. ಮಧ್ಯಾಹ್ನದ ಆ ಸುಡುಬಿಸಿಲಿಗೆ ಮೈದಾನದ ಪ್ಲಾಸ್ಟಿಕ್ ಹುಲ್ಲು ಕಾದು ಶೂ ಒಳಗೆ ಕಾಲು ಸುಡುತ್ತದಂತೆ. ಒಂದು ದಿನವೂ ತಪ್ಪಿಸಲಿಲ್ಲ. ಬಾತ್‌ರೂಮಿನಲ್ಲಿ, ಯಾವ ವರಸೆ ಆಡಬೇಕೆಂದು ಟೀಮಿಗೆ ತಿಳಿಸುವ ಸಂಖ್ಯೆಗಳನ್ನು ಕೂಗಿ ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ ದೋಸೆ ತಿನ್ನುತ್ತಾ ನನಗೆ ಲೆಕ್ಕ ಒಪ್ಪಿಸಿದಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ, ನಾನು ಕೇಳಿಸಿಕೊಳ್ಳುವುದು ಕನ್ನಡದಲ್ಲಿ. ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

“ಮೂರು ವರ್ಷ ಇದೆ ಅಮ್ಮ. ಈ ವರ್ಷ ಪೂರ್ತಿ ಸೋಲ್ತೀವಿ. ಮುಂದಿನ ವರ್ಷ ಅರ್ಧ ಗೆಲ್ತೀವಿ. ಮೂರನೇ ವರ್ಷ ನೋಡ್ತಾ ಇರು.”

“ಆಯ್ತು, ಮೊದ್ಲು ಇನ್ನೊಂದು ದೋಸೆ ತಿನ್ನು” ಎಂದೆ.

ಆಗಸ್ಟ್ ಕೊನೆಯಲ್ಲಿ ಕೋಚ್‌ರಿಂದ ಇಮೇಲ್ ಬಂತು. ಮಗಳ ವಿಷಯದಲ್ಲಿ ಪೋಷಕರ ಜೊತೆ ಮಾತ್ರ ಮಾತಾಡಬೇಕಿತ್ತು, ಬುಧವಾರ ಬರಬಹುದೇ ಎಂದು. ನಾನು ಬರ್ಬ್ಯಾಂಕಿನಿಂದ ಬೇಗ ಹೊರಟು ಹೋದೆ. ಕೋಚ್ ಐವತ್ತರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವರು. ನೇರ ಮಾತು, ನಗು ಕಡಿಮೆ. ಮಾದರಿ ಹೃದಯ, ಮಾದರಿ ಕಿವಿ ಎಲ್ಲ ಇಟ್ಟಿದ್ದ ಅವರ ತರಗತಿಯಲ್ಲೇ ಮಕ್ಕಳ ಬೆಂಚಿನ ಮೇಲೆ ಎದುರುಬದುರು ಕೂತೆವು.

ಅವರು ಸುತ್ತಿಬಳಸದೆ ಹೇಳಿದರು. ಸ್ಯಾನ್ ಡಿಯೆಗೊದಿಂದ ಒಂದು ಕುಟುಂಬ ಈ ಊರಿಗೆ ಬಂದಿದೆ. ಅವರ ಮಗಳು ಹನ್ನೆರಡನೇ ತರಗತಿ, ಅಲ್ಲಿಯ ಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವಳು. “ಅವಳನ್ನು ಆಡಿಸಿದರೆ ಈ ವರ್ಷ ಕೆಲವು ಪಂದ್ಯ ಗೆಲ್ಲುತ್ತೇವೆ. ಬರುವ ಜೂನಿನಲ್ಲಿ ಅವಳು ಹೋಗುತ್ತಾಳೆ, ನಾವು ಮತ್ತೆ ಇಲ್ಲೇ ಇರುತ್ತೇವೆ. ನಿಮ್ಮ ಮಗಳನ್ನು ಆಡಿಸಿದರೆ ಈ ವರ್ಷ ಸೋಲುತ್ತೇವೆ, ಆದರೆ ಮೂರು ವರ್ಷದಲ್ಲಿ ಒಂದು ಟೀಮು ಕಟ್ಟಬಹುದು. ನನ್ನ ಮನಸ್ಸು ನಿಮ್ಮ ಮಗಳ ಕಡೆಗಿದೆ. ಆದರೆ ಸೋಲಿನ ಮಾತೆಲ್ಲ ಅವಳ ತಲೆಗೇ ಬರುತ್ತದೆ. ಅವಳಿಗಿನ್ನೂ ಹದಿನೈದು. ಮನೆಯವರು ಬೆನ್ನಿಗಿಲ್ಲದೆ ನಾನು ಅದನ್ನು ಮಾಡಲಾರೆ. ನೀವು ಏನು ಹೇಳುತ್ತೀರಿ? ಅವಳು ತಯಾರಾಗಿದ್ದಾಳೆಯೇ?”

ಈಗ ನಮ್ಮ ಊರಿನ ಒಂದು ಕ್ರಮ ಹೇಳಬೇಕು. ನಾನು ಸಣ್ಣವಳಿದ್ದಾಗ ಅಪ್ಪ ನನ್ನ ಶಾಲೆಗೆ ಬಂದರೆ ಮಾಷ್ಟ್ರ ಎದುರು ನಿಂತು ಮೊದಲು ಹೇಳುತ್ತಿದ್ದದ್ದು, “ಇವಳಿಗೆ ಉದಾಸೀನ ಜಾಸ್ತಿ ಮಾಷ್ಟ್ರೆ, ಎಂತದ್ದೂ ಬರುದಿಲ್ಲ, ನೀವೇ ಸ್ವಲ್ಪ ನೋಡ್ಕೊಳ್ಬೇಕು” ಎಂದು. ನಾನು ತರಗತಿಗೆ ಮೊದಲನೆಯವಳಾಗಿದ್ದಾಗಲೂ ಅದೇ ಮಾತು. ಮಾಷ್ಟ್ರು ಕೂಡಲೇ, “ಛೆ ಛೆ, ಹಾಗೆ ಹೇಳ್ಬೇಡಿ, ಹುಡುಗಿ ಹುಷಾರಿದ್ದಾಳೆ” ಎನ್ನುತ್ತಿದ್ದರು. ಅಪ್ಪನಿಗೆ ಬೇಕಾಗಿದ್ದದ್ದೂ ಅದೇ. ತಂದೆತಾಯಿ ಇಳಿಸಬೇಕು, ಕಲಿಸುವವರು ಏರಿಸಬೇಕು. ಹೆತ್ತವರೇ ಬಾಯಿ ತುಂಬಾ ಹೊಗಳಿದರೆ ಅಹಂಕಾರ ಎನ್ನುತ್ತಾರೆ, ಮೇಲಾಗಿ ಮಗುವಿಗೆ ದೃಷ್ಟಿ ತಾಗುತ್ತದೆ. ಇದನ್ನು ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಊಟದ ಮೊದಲು ಕೈ ತೊಳೆದ ಹಾಗೆ ತಾನಾಗಿ ಬರುತ್ತದೆ.

ಬಂತು. “ಅಯ್ಯೋ, ಇಲ್ಲ ಇಲ್ಲ” ಎಂದು ನಕ್ಕೆ. “ಅವಳು ಎಲ್ಲಿ ತಯಾರಾಗಿದ್ದಾಳೆ? ಇನ್ನೂ ಬೇಕಾದಷ್ಟು ಕಲಿಯಬೇಕು. ತನ್ನ ರೂಮನ್ನೇ ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲ ಅವಳಿಗೆ, ಇನ್ನು ಟೀಮು ನಡೆಸುತ್ತಾಳೆಯೇ? ಆ ದೊಡ್ಡ ಹುಡುಗಿಗೇ ಕೊಡಿ. ನಿಮಗೆ ತಿಳಿಯದ್ದು ಏನಿದೆ, ನೀವು ಹೇಗೆ ಹೇಳಿದರೆ ಹಾಗೆ.” ಇಷ್ಟನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ತಪ್ಪಿಲ್ಲದೆ ಹೇಳಿದೆ. ನನ್ನ ಪಾಲಿನ ಮಾತು ಮುಗಿಸಿ, ಅವರು ‘ಛೆ ಛೆ’ ಎನ್ನಲಿ ಎಂದು ಕಾದೆ.

ಅವರು ಎನ್ನಲಿಲ್ಲ. ಮುಂದಿದ್ದ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡರು. “ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಎಲ್ಲ ಪೋಷಕರೂ ಹೀಗೆ ಹೇಳುವುದಿಲ್ಲ” ಎಂದು ಎದ್ದು ಕೈಕೊಟ್ಟರು. ನನಗೆ, ನನ್ನ ಮೂರ್ಖತನಕ್ಕೆ, ಅದು ಹೊಗಳಿಕೆಯ ಹಾಗೆ ಕೇಳಿಸಿತು. ಖುಷಿಯಾಗಿ ಕಾರು ಹತ್ತಿದೆ.

ಸಂಜೆ ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

“ಸರಿಯಾಗೇ ಹೇಳಿದ್ದೀಯ ಬಿಡು. ನಮ್ಮ ಮಗೂನ ನಾವೇ ಹೊಗಳ್ಕೊಳಕ್ಕಾಗತ್ತಾ?” ಎಂದರು. ಆಮೇಲೆ, “ಅಲ್ಲ ಕಣೆ, ಅವ್ರು ಅದನ್ನ ನಿಜ ಅಂದ್ಕೊಂಡ್ಬಿಟ್ರೆ?” ಎಂದು ಕೇಳಿದರು.

“ಅಷ್ಟೂ ಗೊತ್ತಾಗುದಿಲ್ವಾ ಅವರಿಗೆ? ಟೀಚರಲ್ವಾ?” ಎಂದು ಅವರ ಮೇಲೇ ರೇಗಿದೆ.

ಶುಕ್ರವಾರ ಮಗಳು ಪ್ರಾಕ್ಟೀಸಿನಿಂದ ಬಂದವಳು ಬ್ಯಾಗನ್ನು ಬಾಗಿಲಲ್ಲೇ ಬಿಟ್ಟಳು. ಹೊಸ ಹುಡುಗಿ ಆಡುತ್ತಾಳಂತೆ. ನೀನಿನ್ನೂ ತಯಾರಾಗಿಲ್ಲ ಎಂದು ಕೋಚ್ ಅಂದರಂತೆ. ಅಷ್ಟು ಹೇಳುವಷ್ಟರಲ್ಲಿ ಅವಳ ಬಾಯಿ ಸೊಟ್ಟಗಾಯಿತು, ನನ್ನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದ್ದೇನು ಗೊತ್ತೇ? “ಆ ಕೋಚಿಗೆ ಮಂಡೆ ಸಮ ಇಲ್ಲ. ನಿನ್ನಂಥವಳನ್ನು ಬಿಟ್ಟು ಯಾರನ್ನೋ ಆಡಿಸ್ತಾರಂತೆ, ಎಂತ ಜನ ಮಾರಾಯ್ತಿ!” ಎಂದೆ. ಅವಳ ಬೆನ್ನು ಸವರುತ್ತಾ ಆ ಹೆಂಗಸನ್ನು ಬಾಯಿಗೆ ಬಂದ ಹಾಗೆ ಬೈದೆ. ರಾತ್ರಿ ಬಂದ ಗಂಡನಿಗೆ, ಈ ವಿಷಯ ಅವಳ ಕಿವಿಗೆ ಹಾಕಬೇಡಿ ಎಂದು ಕಣ್ಣಲ್ಲೇ ಹೇಳಿದೆ.

ಆ ವರ್ಷ ಟೀಮು ಸುಮಾರಾಗಿ ಗೆದ್ದಿತು, ಸುಮಾರಾಗಿ ಸೋತಿತು. ಸ್ಯಾನ್ ಡಿಯೆಗೊದಿಂದ ಬಂದ ಹುಡುಗಿಯನ್ನು ದ್ವೇಷಿಸೋಣವೆಂದರೆ ಅದಕ್ಕೂ ದಾರಿಯಿಲ್ಲ, ಅಷ್ಟು ಒಳ್ಳೆಯ ಹುಡುಗಿ. ಯಾವ ಸಂಖ್ಯೆಗೆ ಯಾವ ವರಸೆ ಎಂಬುದು ಮರೆತಾಗ ಓಡಿಬಂದು ನನ್ನ ಮಗಳನ್ನು ಕೇಳುತ್ತಿದ್ದಳು. ಮಗಳಿಗೆ ಎಲ್ಲವೂ ಬಾಯಿಪಾಠ. ಗೆರೆಯ ಹೊರಗೆ ನಿಂತು ಹೇಳಿಕೊಡುತ್ತಿದ್ದಳು, ಆಮೇಲೆ ಅಲ್ಲೇ ನಿಂತಿರುತ್ತಿದ್ದಳು. ಇಡೀ ವರ್ಷದಲ್ಲಿ ಅವಳು ಆಡಿದ್ದು ಎರಡು ಸಲ, ಎರಡೂ ಸಲ ಪಂದ್ಯ ಹೇಗೂ ಮುಗಿದುಹೋಗಿದ್ದಾಗ. ಒಂದರಲ್ಲಂತೂ ಅವಳು ಚೆಂಡು ಮುಟ್ಟುವ ಮೊದಲೇ ಸೀಟಿ ಊದಿದರು. ನಾನು ಮೈದಾನದ ಪಕ್ಕದ ಲೋಹದ ಮೆಟ್ಟಿಲುಗಳ ಮೇಲೆ ಕೂತು, ಮರುಭೂಮಿ ಕಡೆಯ ಒಣಗಾಳಿಗೆ ತುಟಿ ಒಡೆಸಿಕೊಂಡು, ಅವಳು ಸುಮ್ಮನೆ ನಿಂತಿರುವುದನ್ನು ಪ್ರತಿ ವಾರ ನೋಡಿದೆ. ಶನಿವಾರ ಅಪ್ಪನ ಜೊತೆ ಪಾರ್ಕಿಗೆ ಹೋಗಿ ತೋಳು ನೋಯುವ ತನಕ ಎಸೆದು ಬರುತ್ತಿದ್ದಳು. ‘ಮುಂದಿನ ವರ್ಷ’ ಎಂಬುದನ್ನು ಮನೆಯಲ್ಲಿ ಮೂವರೂ ದಿನಕ್ಕೊಂದು ಸಲ ಹೇಳುತ್ತಿದ್ದೆವು.

ಆ ವರ್ಷದ ದೀಪಾವಳಿಗೆ ಸಿಹಿ ತರಲು ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋದಾಗ ನಡೆದದ್ದನ್ನೂ ಹೇಳಬೇಕು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಯಾನ್ ಡಿಯೆಗೊದಲ್ಲಿದ್ದಾಗ ಪರಿಚಯವಿದ್ದ ಮಂಗಳೂರಿನ ಹಿರಿಯ ಹೆಂಗಸೊಬ್ಬರು ಸಿಕ್ಕರು. “ಎಂತದೋ ಬಾಲ್ ಆಡ್ತಾಳಂತಲ್ಲ ನಿಮ್ಮ ಮಗಳು?” ಎಂದು ಕೇಳಿದರು.

“ಎಂತದ್ದೂ ಇಲ್ಲ ಆಂಟಿ, ಬೆಂಚಲ್ಲಿ ಕೂತು ಎದ್ದು ಬರ್ತಾಳೆ ಅಷ್ಟೆ. ಅವಳಿಗೆಂತ ಬರ್ತದೆ?” ಎಂದೆ.

“ಹಾಗೆಲ್ಲ ಹೇಳ್ಬಾರ್ದು ಮಾರಾಯ್ತಿ, ಹುಡುಗಿ ಎಷ್ಟು ಚುರುಕಿದ್ದಾಳೆ!” ಎಂದು ಅವರು ಮಗಳ ಗಲ್ಲ ಸವರಿದರು. ನೋಡಿ, ಅವರಿಗೆ ತಮ್ಮ ಪಾಲಿನ ಮಾತು ಗೊತ್ತಿತ್ತು.

ವಾಪಸು ಬರುವಾಗ ಫ್ರೀವೇಯಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ಮಗಳು ಕಾಜು ಕತ್ಲಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. “ನೀನ್ಯಾಕೆ ಯಾವಾಗಲೂ ನನ್ನ ಬಗ್ಗೆ ಹಾಗೆ ಹೇಳ್ತೀಯ?”

ನಾನು ದೃಷ್ಟಿಯ ಬಗ್ಗೆ, ಅಹಂಕಾರದ ಬಗ್ಗೆ, ನಮ್ಮಲ್ಲಿ ಹೀಗೇ ಎಂಬ ಬಗ್ಗೆ ಎಲ್ಲ ಹೇಳಿದೆ. ಅವಳು ನಕ್ಕಳು. “ವಿಚಿತ್ರ” ಎಂದಳು. ಡಬ್ಬದ ಮೇಲಿನ ರಿಬ್ಬನನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಆಂಟಿಗಳ ಹತ್ರ ಓಕೆ. ನನ್ನ ಟೀಚರುಗಳ ಹತ್ರ ಹೀಗೆ ಹೇಳಲ್ಲ ತಾನೆ?” ಎಂದಳು.

“ಇಲ್ಲಪ್ಪ” ಎಂದೆ. ಮುಂದಿನ ಕಾರು ಅಷ್ಟರಲ್ಲಿ ಚಲಿಸಿತು. ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಜೂನಿನಲ್ಲಿ ಸ್ಯಾನ್ ಡಿಯೆಗೊದ ಹುಡುಗಿ ಶಾಲೆ ಮುಗಿಸಿ ಹೋದಳು. ಟೀಮು ಕೋಚ್ ಹೇಳಿದ್ದ ಹಾಗೆಯೇ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಇನ್ನೊಮ್ಮೆ ರೀಬಿಲ್ಡಿಂಗ್. ಈ ಸಲ ನನಗೆ ನಗು ಬರಲಿಲ್ಲ, ಒಳಗೊಳಗೇ ದೇವರಿಗೆ ಕೈಮುಗಿದೆ. ನನ್ನ ತಪ್ಪು ತಾನಾಗಿ ತೊಳೆದುಹೋಗುತ್ತದೆ, ಯಾರಿಗೂ ತಿಳಿಯುವುದೇ ಬೇಡ ಎಂದುಕೊಂಡೆ. ಮಗಳು ಹನ್ನೊಂದನೇ ತರಗತಿ. ಬೇಸಿಗೆಯ ಪ್ರಾಕ್ಟೀಸಿನಲ್ಲಿ ಮೊದಲ ಎರಡು ವಾರ ಅವಳೇ ಕ್ವಾರ್ಟರ್‌ಬ್ಯಾಕ್. ಮೂರನೇ ವಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯೊಬ್ಬಳು ಪ್ರಾಕ್ಟೀಸಿಗೆ ಬಂದಳು. ಎಂಟನೇ ವಯಸ್ಸಿನಿಂದ ಕ್ಲಬ್ಬಿನಲ್ಲಿ ಆಡಿದವಳಂತೆ. ಇನ್ನೊಂದು ವಾರಕ್ಕೆ ಕೋಚ್ ಟೀಮಿಗೆ ತಿಳಿಸಿದರು: ಈ ವರ್ಷ ಆ ಚಿಕ್ಕ ಹುಡುಗಿಯೇ ಆಡುತ್ತಾಳೆ.

ಮಗಳು ಈ ಸಲ ಅಳಲಿಲ್ಲ. ಊಟ ಮಾಡಲಿಲ್ಲ, ಅಷ್ಟೆ. ನನ್ನ ಮಂಡೆ ಬಿಸಿಯಾಗಿ ಹೊಗೆಯಾಡುತ್ತಿತ್ತು. “ಎಂತ ಅನ್ಯಾಯ ಇದು! ನಾಳೆಯೇ ಹೋಗಿ ಕೇಳ್ತೇನೆ” ಎಂದೆ. ಅವಳು, “ನಾನೂ ಬರ್ತೀನಿ. ನಾನೇ ಕೇಳಬೇಕು” ಎಂದಳು. ಬೇಡ ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ. ಅಥವಾ, ಅವರಿಗೆ ಒಂದು ವರ್ಷದ ಹಿಂದಿನ ಮಾತು ಎಲ್ಲಿ ನೆನಪಿರುತ್ತದೆ ಎಂದುಕೊಂಡೆನೋ ಏನೋ.

ಅದೇ ತರಗತಿ. ಈ ಸಲ ನನ್ನ ಬಾಯಿ ಕಟ್ಟೆಯೊಡೆದ ಹಾಗೆ ಹರಿಯಿತು. ನನ್ನ ಮಗಳಷ್ಟು ನೇರವಾಗಿ ಎಸೆಯುವವರು ಈ ಟೀಮಿನಲ್ಲಿ ಯಾರಿದ್ದಾರೆ, ಎಲ್ಲ ವರಸೆಗಳನ್ನೂ ಬಾಯಿಪಾಠ ಮಾಡಿದವಳು ಯಾರು, ಎರಡು ಬೇಸಿಗೆಯಲ್ಲಿ ಒಂದು ದಿನ ತಪ್ಪಿಸದೆ ಬಂದವಳು ಯಾರು, ಕಳೆದ ವರ್ಷ ಆ ಸೀನಿಯರಿಗೆ ಹೊರಗೆ ನಿಂತು ಹೇಳಿಕೊಟ್ಟವಳು ಯಾರು. ಮಗಳು ಬೆಂಚಿನಲ್ಲಿ ಪಕ್ಕಕ್ಕೆ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಹುಟ್ಟಿದಂದಿನಿಂದ ಅವಳು ನನ್ನ ಬಾಯಿಂದ ಇಂಥ ಮಾತು ಕೇಳಿರಲಿಲ್ಲ. ಅವಳ ಮುಖ ಅರಳಿತ್ತು, ನಾನು ನೋಡಿದ್ದೇನೆ.

ಕೋಚ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿಯೇ ಹೇಳಿದರು. “ನೀನು ಹೇಳು, ನಾನು ಏನು ಮಾಡಲಿ? ಅನುಭವ ಬೇಕೆಂದರೆ ನಿನಗೆ ಅದಿಲ್ಲ, ನೀನು ನಿಜವಾದ ಪಂದ್ಯ ಆಡಿಯೇ ಇಲ್ಲ. ಮೊದಲಿನಿಂದ ಬೆಳೆಸಬೇಕೆಂದರೆ, ಎರಡು ವರ್ಷ ಇರುವವಳಿಗಿಂತ ನಾಲ್ಕು ವರ್ಷ ಇರುವವಳನ್ನು ಬೆಳೆಸಬೇಕು. ಇದು ನಿನಗೆ ಅನ್ಯಾಯ ಎಂದು ನನಗೆ ಗೊತ್ತಿದೆ.”

“ಹಾಗಾದರೆ ಕಳೆದ ವರ್ಷವೇ ಅವಳನ್ನು ಆಡಿಸಬೇಕಿತ್ತು!” ಎಂದು ನಾನು ಗದರಿದೆ. ನನ್ನ ಬಾಯಿಗೆ ಬೆಂಕಿ ಬೀಳ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವರಿಗೆ ಸಿಟ್ಟೂ ಬರಲಿಲ್ಲ. “ಆಡಿಸಬೇಕೆಂದೇ ಇದ್ದೆ” ಎಂದರು. “ಅದಕ್ಕೇ ನಿಮ್ಮನ್ನು ಕರೆದು ಕೇಳಿದೆ. ಅವಳು ತಯಾರಾಗಿಲ್ಲ ಎಂದಿರಿ. ತನ್ನ ರೂಮನ್ನೇ ನೋಡಿಕೊಳ್ಳಲು ಬರುವುದಿಲ್ಲ, ದೊಡ್ಡ ಹುಡುಗಿಗೇ ಕೊಡಿ ಎಂದಿರಿ. ನನಗೆ ಕಾಣದ ಏನೋ ಒಂದು ತಾಯಿಗೆ ಗೊತ್ತಿರಬೇಕು ಅಂದುಕೊಂಡೆ.”

ಮಗಳು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತು ಕೋಚಿಗೆ ಥ್ಯಾಂಕ್ಸ್ ಹೇಳಿದಳು. ಬೆಂಚನ್ನು ಒಳಕ್ಕೆ ತಳ್ಳಿ, ಬಾಗಿಲಲ್ಲಿ ನನಗಾಗಿ ಕಾದಳು.

ಕಾರಿನಲ್ಲಿ ನಾನೇ ಶುರು ಮಾಡಿದೆ. ಅಪ್ಪ, ಮಾಷ್ಟ್ರು, ಇಳಿಸುವುದು, ಏರಿಸುವುದು, ಆ ಹೆಂಗಸಿಗೆ ಇದೆಲ್ಲ ತಿಳಿಯದೆ ಹೋದದ್ದು. ಆರ್ಟೀಸಿಯಾದಿಂದ ಬರುವಾಗ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವಳು ಅಡ್ಡ ಮಾತಾಡದೆ ಕೇಳಿದಳು. ದೊಡ್ಡ ರಸ್ತೆಯ ಸಿಗ್ನಲ್ ಕೆಂಪಾಗಿ ನಿಂತೆವು.

“ಓಕೆ” ಎಂದಳು. “ಅಂದ್ರೆ ಅದು ಮರ್ಯಾದೆಗೆ ಹೇಳಿದ್ದು. ಅರ್ಥ ಆಯ್ತು. ಆದ್ರೆ ಆವತ್ತು ನಿನ್ನ ಮನಸ್ಸಿನಲ್ಲಿ, ನಾನು ತಯಾರಾಗಿದೀನಿ ಅಂತಾನೇ ಇತ್ತು, ಅಲ್ವಾ?”

ಹೌದು ಎಂದರೆ ಮುಗಿದಿತ್ತು. ಎರಡಕ್ಷರ. ಸುಮ್ಮನಿರದ ನನ್ನ ಬಾಯಿ ತೆರೆಯಲೇ ಇಲ್ಲ. ಯಾಕೆಂದರೆ ಆವತ್ತು ಆ ಬೆಂಚಿನ ಮೇಲೆ ಕೂತಾಗ ಮರ್ಯಾದೆಯ ಜೊತೆಗೆ ಇನ್ನೊಂದೂ ಇತ್ತು, ಅದು ನನಗೆ ಆ ಸಿಗ್ನಲ್ಲಿನಲ್ಲಿ ನೆನಪಾಯಿತು. ಸೋಲಿನ ಮಾತೆಲ್ಲ ಅವಳ ತಲೆಗೆ ಬರುತ್ತದೆ ಎಂದು ಕೋಚ್ ಅಂದಾಗ ನಾನು ಹೆದರಿದ್ದೆ. ಪ್ರತಿ ವಾರ ನನ್ನ ಮಗಳು ಎಲ್ಲರೆದುರು ಸೋಲುವುದು, ಮೆಟ್ಟಿಲ ಮೇಲೆ ಕೂತ ಬಿಳಿಯ ತಾಯಂದಿರು ಪಿಸುಗುಡುವುದು, ಅವರ ನಡುವೆ ನಾನು ಕೂತಿರುವುದು, ಇಷ್ಟೂ ಕಣ್ಣಿಗೆ ಕಟ್ಟಿತ್ತು. ಅವಳಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ ಎಂದೇ ನಾನು ಎಣಿಸಿದ್ದೆ. ಖುಷಿಯಾಗಿ ಕಾರು ಹತ್ತಿದೆ ಎಂದು ಬರೆದೆನಲ್ಲ, ಅದು ಹೊಗಳಿಕೆಯ ಖುಷಿ ಒಂದೇ ಅಲ್ಲ. ಸದ್ಯ ತಪ್ಪಿತು ಎಂಬ ಸಮಾಧಾನ. ಕ್ರಮ, ಸಂಪ್ರದಾಯ ಎಂದು ನಾನು ಇಷ್ಟು ಹೊತ್ತು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಮಗಳು ಕಿಟಕಿಯ ಕಡೆ ತಿರುಗಿದಳು.

ಮಾರನೆಯ ವಾರ ಯೂನಿಫಾರ್ಮ್ ಒಗೆದು, ಮಡಚಿ, ಶಾಲೆಗೆ ವಾಪಸು ಕೊಟ್ಟು ಬಂದಳು. ಕೋಚ್ ಟೀಮಿನಲ್ಲೇ ಇರು, ಇನ್ನೊಂದು ಜಾಗ ಕೊಡುತ್ತೇನೆ ಎಂದರಂತೆ. ಬೇಡ ಎಂದಳಂತೆ. ಇದೆಲ್ಲ ನನಗೆ ಗಂಡನಿಂದ ತಿಳಿದದ್ದು. ಗಂಡ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಶನಿವಾರಗಳಲ್ಲಿ ಅವರು ಈಗ ಒಬ್ಬರೇ ವಾಕಿಂಗ್ ಹೋಗುತ್ತಾರೆ. ಮಗಳು ಜಗಳವಾಡುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಕರೆದರೆ ಊಟಕ್ಕೆ ಬರುತ್ತಾಳೆ. ಅವಳ ರೂಮು ಈಗ ನೆಟ್ಟಗಿರುತ್ತದೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಚಳಿಗಾಲದ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತೇ ಉಪ್ಪಿಟ್ಟು ತಿನ್ನುತ್ತಿದ್ದಳು. ಒಲೆ ಆರಿಸಿ, ಎದುರಿಗೆ ಹೋಗಿ ನಿಂತು ಹೇಳಿದೆ. “ನೋಡು ಮಗಾ, ನೀನು ತುಂಬಾ ಚೆನ್ನಾಗಿ ಆಡ್ತೀ. ನಿನ್ನಷ್ಟು ಚಂದ ಎಸೆಯುವವರನ್ನು ನಾನು ನೋಡ್ಲೇ ಇಲ್ಲ. ನೀನು ಆವತ್ತೇ ತಯಾರಾಗಿದ್ದಿ. ತಪ್ಪಿದ್ದು ನಾನು.” ಅದರಲ್ಲಿ ಒಂದು ಮಾತೂ ಮರ್ಯಾದೆಗೆ ಹೇಳಿದ್ದಲ್ಲ.

ಅವಳು ತಟ್ಟೆಯನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟಳು. ಹತ್ತಿರ ಬಂದು ನನ್ನ ತೋಳನ್ನು ಒಮ್ಮೆ ಮೆಲ್ಲಗೆ ಹಿಡಿದಳು, ಹುಷಾರಿಲ್ಲದವರನ್ನು ಹಿಡಿಯುವ ಹಾಗೆ.

“ಪರವಾಗಿಲ್ಲ ಅಮ್ಮ” ಎಂದಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅದನ್ನು ಕನ್ನಡದಲ್ಲೇ ಹೇಳಿದಳು, ನನಗೆ ನೋವಾಗಬಾರದೆಂದು. “ಹಾಗೆಲ್ಲ ಹೇಳ್ಬೇಕಾಗಿಲ್ಲ.”

ಆಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ಹೊತ್ತಾಯಿತು ಎಂದು ಶಾಲೆಗೆ ಹೊರಟಳು.